ಹೆಜ್ಜೇನು ಎದ್ದುಹೋದ ಮೇಲೆ

ನಮ್ಮೂರಿನ ಸಂತೆ ಬಯಲಿನಲ್ಲಿ ಒಂದು ಎಮ್ಮೆ ಮಲಗುತ್ತಿತ್ತಂತೆ. ನಮ್ಮಜ್ಜನ ಕಾಲದ ಮಾತು ಇದು. ಭಾರೀ ಎಮ್ಮೆ, ಏಳಿಸಿದರೆ ಏಳದು, ಕೆಣಕಿದರೆ ಹಾಯದೆ ಬಿಡದು. ಹೋಗಿಬರುವ ಮಂದಿಯೆಲ್ಲ ಅದನ್ನು ಬಳಸಿಕೊಂಡು ಹೋಗುತ್ತಿದ್ದರು. ಎಮ್ಮೆ ಸತ್ತು ಎಷ್ಟೋ ಕಾಲವಾಯಿತು. ಇವತ್ತಿಗೂ ಆ ಜಾಗ ಬಂದ ಕೂಡಲೇ ನಮ್ಮ ಕಾಲುಗಳು ತಾವಾಗಿಯೇ ಎಡಕ್ಕೆ ಹೊರಳಿ, ಇಲ್ಲದ ಎಮ್ಮೆಗೆ ಅರ್ಧ ಸುತ್ತು ಹಾಕಿ, ಮತ್ತೆ ದಾರಿಗೆ ಬರುತ್ತವೆ. ಹೆಣ ಹೊತ್ತವರೂ ಹಾಗೆಯೇ, ದಿಬ್ಬಣದವರೂ ಹಾಗೆಯೇ. ಕುಡಿದು ಊರೆಲ್ಲ ತೂರಾಡುವವನು ಕೂಡ ಅಲ್ಲಿಗೆ ಬಂದಾಗ ಮಾತ್ರ ನೆಟ್ಟಗೆ ಅರ್ಧ ಸುತ್ತು ಹಾಕುತ್ತಾನೆ. ಹೊಸದಾಗಿ ಬಂದ ನೆಂಟರು ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾಲ್ಕು ದಿನ ಇದ್ದರೆ ಅವರೂ ಸುತ್ತು ಹಾಕಲು ಶುರು ಮಾಡುತ್ತಾರೆ.

ನಮ್ಮೂರಲ್ಲಿ ರೂಢಿ ಹೆಪ್ಪುಗಟ್ಟುತ್ತದೆ. ಒಂದು ಕೆಲಸವನ್ನು ಮಂದಿಯೆಲ್ಲ ಮಾಡುತ್ತಾ ಹೋದರೆ ಅದು ಹಾಲು ಮೊಸರಾದ ಹಾಗೆ ಯಾವಾಗಲೋ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಮೈ ನಮ್ಮ ಮಾತು ಕೇಳುವುದಿಲ್ಲ. ಸೋಮವಾರ ಯಾರೂ ಬದನೆಕಾಯಿ ಹೆಚ್ಚುವಂತಿಲ್ಲ, ಈಳಿಗೆಯ ಮುಂದೆ ಕೈ ನಿಂತುಬಿಡುತ್ತದೆ. ಯಾಕೆ ಎಂದು ಯಾರಿಗೂ ನೆನಪಿಲ್ಲ. ಹೆಂಗಸರು ಭಾನುವಾರವೇ ಹೆಚ್ಚಿಡುತ್ತಾರೆ, ಕಪ್ಪಾದ ಬದನೆಕಾಯಿಯ ಪಲ್ಯ ತಿಂದು ತಿಂದು ನಮಗೆ ಅದೇ ರುಚಿ. ಊರ ನಡುವಿನ ಹಳ್ಳದಲ್ಲಿ ಯಾವ ಕಾಲದಲ್ಲೋ ಮೊಸಳೆ ಇತ್ತಂತೆ. ಈಗ ದಂಡೆಯಲ್ಲಿ ಕೂತು ಕೊಡ ತುಂಬಿಕೊಳ್ಳಬಹುದೇ ಹೊರತು ಪಾದ ಒದ್ದೆ ಮಾಡಿಕೊಳ್ಳಲು ನಮ್ಮಿಂದಾಗದು. ಹಳ್ಳ ದಾಟಬೇಕೆಂದರೆ ಕಲ್ಲಿನ ಸೇತುವೆಯೊಂದೇ ಗತಿ. ಈ ಕಥೆಗೆಲ್ಲ ಕಾರಣ ಆ ಸೇತುವೆ.

ನಾಲ್ಕು ಓಣಿಗಳು ಸೇರಿ ನಮ್ಮೂರು. ಸೇರಿ ಎಂದರೆ ಅಕ್ಕಪಕ್ಕದಲ್ಲಿವೆ, ಅಷ್ಟೇ. ಪ್ರತಿ ಓಣಿಯೂ ತನಗೆ ತಾನೇ ಒಡೆಯ. ನಾಲ್ಕರ ಮೇಲೆ ಕೂತು ಹೀಗೆ ಮಾಡಿ, ಹಾಗೆ ಮಾಡಬೇಡಿ ಎನ್ನುವ ದೊರೆಯಾಗಲಿ, ಕಚೇರಿಯಾಗಲಿ, ಪೊಲೀಸಾಗಲಿ ನಮಗಿಲ್ಲ. ಹಳ್ಳದ ಈಚೆ ದೊಡ್ಡೋಣಿ ಮತ್ತು ನೇಕಾರ ಓಣಿ. ಹಳ್ಳದ ಆಚೆ ಪೇರಲ ತೋಟಗಳ ನಡುವೆ ಆಚೆ ಓಣಿ. ನಾಲ್ಕನೆಯದು ಒಂಟಿಮನೆ ಓಣಿ, ಹೆಸರೇ ಹೇಳುವ ಹಾಗೆ ಅಲ್ಲಿರುವುದು ಒಂದೇ ಮನೆ, ಮನೆಯಲ್ಲಿರುವುದು ಸಂಕವ್ವ ಎಂಬ ಒಂದೇ ಮುದುಕಿ. ಆದರೆ ಸಭೆ ಕೂತಾಗ ದೊಡ್ಡೋಣಿಗೆ ಎಷ್ಟು ಬೆಲೆಯೋ ಸಂಕವ್ವನ ಓಣಿಗೂ ಅಷ್ಟೇ ಬೆಲೆ. ದೊಡ್ಡೋಣಿಯ ಹಿರಿಯರಾದ ರುದ್ರಗೌಡರಿಗೆ ಇದು ನುಂಗಲಾರದ ತುತ್ತು. ಮನೆ ಮನೆ ತುಂಬಿದ ಓಣಿಯ ಯಜಮಾನ ತಾನು, ಪಕ್ಕದಲ್ಲಿ ಸಮಸಮಕ್ಕೆ ಎಲೆ ಅಡಿಕೆ ಜಗಿಯುತ್ತಾ ಕೂತಿರುವವಳು ಈ ಹಲ್ಲಿಲ್ಲದ ಅಜ್ಜಿ! ಆದರೂ ಏನೂ ಮಾಡುವಂತಿರಲಿಲ್ಲ.

ಹೇಳುವವರು ಕೇಳುವವರು ಇಲ್ಲದೆ ಊರು ಹೇಗೆ ನಡೆಯುತ್ತದೆ ಎಂದು ಹೊರಗಿನವರು ಕೇಳುತ್ತಾರೆ. ಚೆನ್ನಾಗಿಯೇ ನಡೆಯುತ್ತದೆ. ನಮ್ಮನ್ನು ಕಟ್ಟಿಹಾಕುವುದು ಎರಡೇ. ಒಂದು, ಕೊಟ್ಟ ಮಾತು: ಎರಡು ಓಣಿಯ ಹಿರಿಯರು ಸೇತುವೆಯ ನಟ್ಟನಡುವೆ ನಿಂತು ಕೈಗೆ ಕೈ ಕೊಟ್ಟು ಏನು ಆಡುತ್ತಾರೋ ಅದು ಕಲ್ಲಾಗುತ್ತದೆ. ಇನ್ನೊಂದು ಈ ರೂಢಿ. ರೂಢಿಯಿಂದ ತಪ್ಪಿಸಿಕೊಳ್ಳಲು ಒಂದು ದಾರಿಯಿದೆ. ಹೊಸದೊಂದು ಶುರುವಾದ ದಿನದಿಂದಲೇ, ಒಂದು ದಿನವೂ ಬಿಡದೆ, ನಾನು ಒಪ್ಪುವುದಿಲ್ಲ ಎಂದು ಬಾಯಿಬಿಟ್ಟು ಹೇಳುತ್ತಿರಬೇಕು. ಹಾಗೆ ಹೇಳಿದವರಿಗೆ ಅದು ಅಂಟುವುದಿಲ್ಲ, ಸುಮ್ಮನಿದ್ದವರಿಗೆಲ್ಲ ಅಂಟುತ್ತದೆ. ದಿನಾ ಬೆಳಗಾಗೆದ್ದು ಊರಿನ ಎಲ್ಲದಕ್ಕೂ ಬೇಡ ಬೇಡ ಎನ್ನುವ ಪುರುಸೊತ್ತು ಯಾರಿಗಿದೆ? ಸಂಕವ್ವಳಿಗಿದೆ. ಕೋಳಿ ಕೂಗುವ ಹೊತ್ತಿಗೆ ಅವಳು ತನ್ನ ಕಟ್ಟೆಯ ಮೇಲೆ ನಿಂತು, "ಏನೇನ್ ಹೊಸಾದ್ ಮಾಡಾಕತ್ತೀರಿ, ಯಾವುದಕ್ಕೂ ನಾ ಒಪ್ಪಂಗಿಲ್ಲ!" ಎಂದು ಮೂರು ಓಣಿಗೂ ಕೇಳುವಂತೆ ಕೂಗುತ್ತಾಳೆ. ಅವಳ ಅವ್ವನೂ ಕೂಗುತ್ತಿದ್ದಳಂತೆ, ಅಜ್ಜಿಯೂ ಕೂಗುತ್ತಿದ್ದಳಂತೆ. ಹಾಗಾಗಿ ಸಂಕವ್ವ ಇಲ್ಲದ ಎಮ್ಮೆಯ ಹೊಟ್ಟೆಯೊಳಗಿಂದಲೇ ನೇರ ನಡೆದು ಹೋಗುತ್ತಾಳೆ, ಹಳ್ಳದಲ್ಲಿ ಮೊಣಕಾಲುದ್ದ ನಿಂತು ಸೀರೆ ಒಗೆಯುತ್ತಾಳೆ, ಸೋಮವಾರ ಬಂತೆಂದರೆ ಬಾಗಿಲು ಹಾರುಹೊಡೆದು ಊರಿಗೆಲ್ಲ ಘಮಘಮ ಎನ್ನುವಂತೆ ಎಣ್ಣೆಗಾಯಿ ಮಾಡುತ್ತಾಳೆ.

ನಾನು ಕಲ್ಮೇಶ. ಸೇತುವೆಯ ಈಚೆ ಬದಿಗೆ, ಮೊದಲ ಕಲ್ಲಿಗೆ ತಾಗಿದಂತೆ ನನ್ನ ಚಹಾದಂಗಡಿ. ಬೆಳಿಗ್ಗೆ ಚಹಾ, ಸಂಜೆ ಮಿರ್ಚಿ ಭಜಿ, ಚುರುಮುರಿ. ಓಣಿ ಓಣಿಗಳ ಜಗಳ ಶುರುವಾಗುವುದೂ ಮುಗಿಯುವುದೂ ನನ್ನ ಬೆಂಚಿನ ಮೇಲೆಯೇ. ನನ್ನ ಹೆಂಡತಿ ಶಾವಂತ್ರಿ ಆಚೆ ಓಣಿಯವಳು, ಅಲ್ಲಿನ ಹಿರಿಯ ಫಕೀರಪ್ಪನವರ ಮಗಳು. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕೆಂದು ಮಾವ ಬಂದು ಕರೆದುಕೊಂಡು ಹೋದರು. ನನಗೇನು ಚಿಂತೆ? ಅಂಗಡಿಯಲ್ಲಿ ನಿಂತು ಕೂಗಿದರೆ ಮಾವನ ಮನೆಯ ಜಗುಲಿಗೆ ಕೇಳುತ್ತದೆ. ದಿನಾ ಮಿರ್ಚಿ ಕರಿದು ಮುಗಿಸಿ ಹೋಗಿ ಬಂದರಾಯಿತು ಎಂದುಕೊಂಡಿದ್ದೆ.

ಆ ಬೇಸಿಗೆಯಲ್ಲಿ ಸೇತುವೆಯ ಕಮಾನಿನ ಕೆಳಗೆ ಹೆಜ್ಜೇನು ಬಂದು ಕೂತಿತು. ಒಂದಲ್ಲ, ಸಾಲಾಗಿ ಹಲಗೆಯಂತಹ ಹುಟ್ಟುಗಳು. ಮೊದಲ ದಿನ ಯಾರಿಗೂ ಗೊತ್ತಿರಲಿಲ್ಲ. ರುದ್ರಗೌಡರು ಎಂದಿನಂತೆ ಹೊಸ ರುಮಾಲು ಸುತ್ತಿ, ಕೋಲು ಕುಟ್ಟುತ್ತಾ ಸೇತುವೆ ಹತ್ತಿದರು. ಆ ಕೋಲು ಕುಟ್ಟಿದ್ದೇ ಮುಳುವಾಯಿತು. ಗುಂಯ್ ಎಂದು ಒಂದು ಸದ್ದಾಯಿತು, ನಾನು ತಲೆ ಎತ್ತುವಷ್ಟರಲ್ಲಿ ಗೌಡರ ರುಮಾಲು ಒಂದು ಕಡೆ, ಕೋಲು ಒಂದು ಕಡೆ, ಅವರು ನನ್ನ ಅಂಗಡಿಯ ಮುಂದಿನಿಂದ ಬಿಟ್ಟ ಬಾಣದಂತೆ ದೊಡ್ಡೋಣಿಯತ್ತ ಹೋದರು. ಆಮೇಲೆ ಕೆಲವು ದಿನ ಅವರು ಹೊರಗೆ ಕಾಣಿಸಿಕೊಳ್ಳಲಿಲ್ಲ. ಜ್ವರವಂತೆ. ಎದ್ದು ಬಂದವರೇ ನನ್ನ ಬೆಂಚಿನ ಮೇಲೆ ಕೂತು ಮೀಸೆ ತಿರುವಿ, "ಸೇತುವಿ ಮ್ಯಾಲೆ ಇನ್ನ ಯಾರೂ ಹೋಗೂದು ಬ್ಯಾಡ. ನಾನೂ ಬಿಟ್ಟೀನಿ," ಎಂದು ಗಂಭೀರವಾಗಿ ಹೇಳಿದರು. ಜೇನಿನ ಹೆಸರನ್ನೇ ಎತ್ತಲಿಲ್ಲ. ದೊಡ್ಡವರು ಹೇಳಿದ ಮೇಲೆ ಕೇಳಬೇಕೇ, ಮಂದಿ ಬಿಟ್ಟರು. ನಾನೂ ಹೋಗಲಿಲ್ಲ. ಹೆಜ್ಜೇನು ಎದ್ದು ಒಂದು ಎತ್ತನ್ನು ಕೊಂದದ್ದನ್ನು ಕಣ್ಣಾರೆ ಕಂಡವನು ನಾನು, ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹಳ್ಳದ ಆಚೆಯವರೂ ಈಚೆ ಬರುವುದನ್ನು ನಿಲ್ಲಿಸಿದರು. ಸಂಕವ್ವ ಮಾತ್ರ, "ಜೇನಿಗೂ ನಾ ಒಪ್ಪಂಗಿಲ್ಲ," ಎಂದು ತಲೆಯ ಮೇಲೆ ಸೆರಗು ಎಳೆದುಕೊಂಡು ದಿನಾ ದಾಟುತ್ತಿದ್ದಳು. ಅದೇನು ಕಾರಣವೋ, ಒಂದು ಹುಳವೂ ಅವಳನ್ನು ಮುಟ್ಟಲಿಲ್ಲ.

ನನ್ನ ಮಗಳು ಹುಟ್ಟಿದ ಸುದ್ದಿ ತಂದವಳೂ ಅವಳೇ. "ಲೇ ಕಲ್ಮೇಶಾ, ಹೆಣ್ಣು ಕೂಸು ಆಗೈತಿ. ನಿನ್ನಂಗ ಇಲ್ಲ, ಚಂದ ಐತಿ. ಸಕ್ಕರಿ ಹಾಕಿ ಒಂದ್ ಚಾ ಕೊಡು," ಎಂದಳು. ನಾನು ಸಕ್ಕರೆ ಡಬ್ಬಿಯನ್ನೇ ಅವಳ ಮುಂದಿಟ್ಟು ದಂಡೆಗೆ ಓಡಿದೆ. ಆಚೆ ದಂಡೆಯಲ್ಲಿ ನನ್ನ ಅತ್ತೆ ಬಟ್ಟೆಯ ಗಂಟೊಂದನ್ನು ಎತ್ತಿ ಹಿಡಿದು ತೋರಿಸಿದರು. ಅಷ್ಟು ದೂರದಿಂದ ಏನು ಕಾಣುತ್ತದೆ? ಬಿಳಿ ಬಟ್ಟೆ ಕಂಡಿತು, ಅದರ ತುದಿಗೆ ಕಪ್ಪಗೆ ಏನೋ ಕಂಡಿತು. ಕೂದಲಿರಬೇಕು ಎಂದುಕೊಂಡು ಅಲ್ಲಿಯೇ ನಿಂತು ಅತ್ತುಬಿಟ್ಟೆ. ಆವತ್ತಿನಿಂದ ದಿನಾ ಸಂಜೆ ಶಾವಂತ್ರಿ ಅಂಗಳಕ್ಕೆ ಬಂದು ನಿಂತು ಕೂಗಿ ಹೇಳುತ್ತಿದ್ದಳು, ನಾನು ಕೂಗಿ ಕೇಳುತ್ತಿದ್ದೆ. ಕೂಸು ನಕ್ಕಿತು ಎನ್ನುವ ಸುದ್ದಿ, ಕೂಸಿಗೆ ಹೊಟ್ಟೆ ನೋವು ಎನ್ನುವ ಸುದ್ದಿ, ಎಡಗೆನ್ನೆಯಲ್ಲಿ ಮಚ್ಚೆಯಿದೆ ಎನ್ನುವ ಸುದ್ದಿ, ಎಲ್ಲವೂ ಎರಡು ದಂಡೆಯ ಮಂದಿಗೂ ನನಗೂ ಒಟ್ಟಿಗೇ ತಿಳಿಯುತ್ತಿತ್ತು. ಗಂಡ ಹೆಂಡಿರು ಪಿಸುಮಾತಿನಲ್ಲಿ ಆಡಬೇಕಾದದ್ದನ್ನು ಹಾಗೆಯೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆವು. ಸಂಕವ್ವ ನಾನು ಬಾಣಂತಿಗೆಂದು ಕೊಟ್ಟ ಅಂಟಿನ ಉಂಡಿಗಳನ್ನು ಗೊಣಗುತ್ತಾ ಹೊತ್ತುಕೊಂಡು ಹೋಗುತ್ತಿದ್ದಳು, ದಾರಿಯಲ್ಲಿ ಒಂದೆರಡು ಕಡಿಮೆಯೂ ಆಗುತ್ತಿದ್ದವು. ಹಲ್ಲಿಲ್ಲದೆ ಅದನ್ನು ಹೇಗೆ ತಿನ್ನುತ್ತಿದ್ದಳೋ ದೇವರೇ ಬಲ್ಲ.

ಒಂದು ಮುಂಜಾನೆ ನೋಡಿದರೆ ಹೆಜ್ಜೇನು ಎದ್ದು ಹೋಗಿತ್ತು. ಕಮಾನಿನ ಕೆಳಗೆ ಖಾಲಿ ಹುಟ್ಟುಗಳಷ್ಟೇ ಉಳಿದಿದ್ದವು. ನಾನು ತಲೆಗೆ ಸ್ನಾನ ಮಾಡಿ, ಮದುವೆಯ ಅಂಗಿ ತೊಟ್ಟು, ಒಲೆ ಹಚ್ಚುವುದನ್ನೂ ಬಿಟ್ಟು ಸೇತುವೆ ಹತ್ತಿದೆ. ಅರ್ಧ ದಾರಿಗೆ ಬಂದಿದ್ದೆ, ಕಾಲು ನಿಂತಿತು. ಎತ್ತಿದರೆ ಏಳಲಿಲ್ಲ, ತಳ್ಳಿದರೆ ಮುಂದೆ ಹೋಗಲಿಲ್ಲ. ಹಿಂದಕ್ಕಾದರೆ ಸಲೀಸಾಗಿ ಬಂತು. ಇದು ಯಾವ ಹಿಡಿತ ಎಂದು ನಮ್ಮೂರಲ್ಲಿ ಹುಟ್ಟಿದವನಿಗೆ ಹೇಳಿಕೊಡಬೇಕಾಗಿಲ್ಲ. ಎಮ್ಮೆಯ ಹತ್ತಿರ ಹಿಡಿಯುತ್ತದಲ್ಲ, ಅದೇ. ಸೇತುವೆ ದಾಟಬಾರದು ಎನ್ನುವುದು ಹೆಪ್ಪುಗಟ್ಟತೊಡಗಿತ್ತು.

ಪೂರ್ತಿ ಗಟ್ಟಿಯಾಗಿರಲಿಲ್ಲ ಎನ್ನುವುದೊಂದೇ ಸಮಾಧಾನ. ಮರುದಿನ ನಡುವಿಗಿಂತ ಸ್ವಲ್ಪ ಈಚೆಗೇ ಕಾಲು ನಿಂತಿತು, ಮುಂದಿನ ವಾರ ಇನ್ನೂ ಈಚೆಗೆ. ಆಚೆ ದಂಡೆಯಿಂದಲೂ ಹಾಗೆಯೇ, ಅಲ್ಲಿಯ ಮಂದಿ ಒಂದೊಂದೇ ಕಲ್ಲು ಹಿಂದಕ್ಕೆ ಸರಿಯುತ್ತಿದ್ದರು. ಹೀಗೆಯೇ ಅದು ನನ್ನ ಅಂಗಡಿಯ ಹೊಸ್ತಿಲಿಗೆ ಬಂದು ನಿಂತಿತೆಂದರೆ ಮುಗಿಯಿತು, ಆಮೇಲೆ ಮೊಮ್ಮಕ್ಕಳ ಕಾಲಕ್ಕೂ ಕದಲುವುದಿಲ್ಲ. ನನ್ನ ಹೆಂಡತಿ ಆಚೆ, ನಾನು ಈಚೆ. ಮಗಳು ಬೆಳೆದು ದೊಡ್ಡವಳಾಗಿ, ದಂಡೆಯ ಮೇಲೆ ನಿಂತು ಚಹಾ ಮಾರುವ ಆ ಮನುಷ್ಯ ನಮ್ಮಪ್ಪ ಎಂದು ಗೆಳತಿಯರಿಗೆ ಬೆರಳು ಮಾಡಿ ತೋರಿಸುತ್ತಾಳೆ. ಅದನ್ನು ನೆನೆಸಿಕೊಂಡು ಮಿರ್ಚಿ ಕರಿಯುತ್ತಾ ಎಷ್ಟು ಸಲ ಕೈ ಸುಟ್ಟುಕೊಂಡೆನೋ.

ಕೊನೆಗೆ ಅಂದಾನಪ್ಪ ಮಾಸ್ತರರನ್ನು ಹಿಡಿದುಕೊಂಡೆ. ಅವರು ನೇಕಾರ ಓಣಿಯ ಹಿರಿಯರು. ಯೌವನದಲ್ಲಿ ಮಗ್ಗ ಬಿಟ್ಟು ಶಾಲೆಯಲ್ಲಿ ಕಲಿಸಲು ಸೇರಿದರು, ಆ ನೌಕರಿ ಮುಗಿದ ಮೇಲೆ ಮತ್ತೆ ಮಗ್ಗಕ್ಕೆ ಬಂದರು. ಊರಿನ ರೂಢಿಗಳೆಲ್ಲ ಅವರ ನಾಲಗೆಯ ತುದಿಯಲ್ಲಿವೆ.

"ಮಾಸ್ತರ, ಇದನ್ನ ಹ್ಯಾಂಗರೆ ಮಾಡಿ ಬಿಡಿಸ್ರಿ," ಎಂದೆ. "ಗೌಡ್ರು, ನಮ್ಮ ಮಾವಾರು ಇಬ್ರೂ ಕೈಗೆ ಕೈ ಕೊಟ್ಟು, ಸೇತುವಿ ದಾಟಬೌದು ಅಂತ ಮಾತು ಕೊಟ್ಟರ ಆಗಂಗಿಲ್ಲೇನು?"

"ಕೈಗೆ ಕೈ ಎಲ್ಲಿ ಕೊಡಬೇಕೋ?"

"ಸೇತುವಿ ನಟ್ಟನಡುವ."

"ಸೇತುವಿ ನಟ್ಟನಡುವ ಯಾರ್ ಹೋಗ್ತಾರ?"

ಮಾಸ್ತರರು ಬಸಿಯಲ್ಲಿ ಚಹಾ ಸುರಿದು ಊದಿದರು. "ಸಂಕವ್ವ ಹೋಗ್ತಾಳ ಅನಬ್ಯಾಡ. ಆಕಿಗೆ ತನ್ನ ಓಣಿ ಮಾತಷ್ಟ ಕೊಡಾಕ ಬರ್ತೈತಿ, ನಮ್ಮದು ಕೊಡಾಕ ಬರಂಗಿಲ್ಲ. ಇದಕ್ಕ ಬ್ಯಾರೆ ದಾರಿ ಐತಿ, ಕೇಳು. ರೂಢಿಗೆ ಎರಡು ಕಾಲು. ಒಂದು ಕಾಲು, ಎಲ್ಲಾರೂ ಹಾಂಗ ಮಾಡೂದು. ಇನ್ನೊಂದು ಕಾಲು, ಹಾಂಗ ಮಾಡಾಕಬೇಕು ಅಂತ ತಿಳಕೊಂಡು ಮಾಡೂದು. ಮಳಿ ಬಂದರ ಎಲ್ಲಾರೂ ಒಳಗ ಓಡ್ತೀವಿ, ಅದು ಎಂದಾದರೂ ಹೆಪ್ಪುಗಟ್ಟೇತೇನು? ಇಲ್ಲ. ಯಾಕ? ತೊಯ್ಸಿಕೋಬಾರದು ಅಂತ ಓಡಿದ್ದು, ಓಡೂದು ಧರ್ಮ ಅಂತ ಅಲ್ಲ."

"ಹಂಗಾದರ ಸೇತುವಿ?"

"ಯಾಕ ದಾಟಲಿಲ್ಲ ಅಂತ ಎಲ್ಲಾ ಓಣಿಯವರನ್ನೂ ಸಭಾದಾಗ ಕೇಳಬೇಕು. ಜೇನಿಗೆ ಅಂಜಿ ದಾಟಲಿಲ್ಲ ಅಂತ ಹಿರ್ಯಾರು ತಮ್ಮ ತಮ್ಮ ಬಾಯಿಲೆ ಅಂದರ ಆ ಎರಡನೇ ಕಾಲು ಮುರದಂಗ. ದಾಟಬಾರದು ಅಂತನ ದಾಟಲಿಲ್ಲ ಅಂದರಂದ್ರ..." ಮಾಸ್ತರರು ಬಸಿಯನ್ನು ಕೆಳಗಿಟ್ಟರು. "ಅಲ್ಲಿಗೆ ಆತು."

ಇಷ್ಟೇ ತಾನೇ ಎನಿಸಿ ನನಗೆ ಕುಣಿಯುವಷ್ಟು ಖುಷಿಯಾಯಿತು. ಊರಿಗೆ ಊರೇ ಜೇನಿಗೆ ಅಂಜಿದ್ದು ಸುಳ್ಳೇ? ನಾನು ಅಂದುಕೊಂಡದ್ದು ಹಾಗೆ. ಹಿರಿಯರ ಪೈಕಿ ಯಾರಾದರೂ ಸಭೆಯಲ್ಲಿ ಎದ್ದು ನಿಂತು ತಾನು ಹುಳಕ್ಕೆ ಹೆದರಿದೆ ಎಂದು ಹೇಳಿದ್ದನ್ನು ಈ ಊರು ಎಂದೂ ಕೇಳಿಲ್ಲ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಹುಣ್ಣಿಮೆಯಂದು ಕೂಸನ್ನು ತೊಟ್ಟಿಲಿಗೆ ಹಾಕುವುದೆಂದು ಆಚೆ ಓಣಿಯಲ್ಲಿ ಗೊತ್ತುಮಾಡಿದ್ದರು. ಅದರ ಹಿಂದಿನ ದಿನ ಹೊತ್ತು ಏರುವಾಗ ಸಭೆ ಸೇರಿತು. ಎಂಥ ಸಭೆ ಅಂತೀರಿ! ಅರ್ಧ ಸಭೆ ಹಳ್ಳದ ಈಚೆ, ಅರ್ಧ ಸಭೆ ಆಚೆ, ನಡುವೆ ಹರಿಯುವ ನೀರು. ಆ ಹೊತ್ತಿಗೆ ಹಿಡಿತ ಮೊದಲ ಕೆಲವು ಕಲ್ಲುಗಳವರೆಗೆ ಬಂದುಬಿಟ್ಟಿತ್ತು. ಈಚೆ ರುದ್ರಗೌಡರು ನನ್ನ ಅಂಗಡಿಯ ಬೆಂಚಿನ ಮೇಲೆ, ಅವರ ಪಕ್ಕದಲ್ಲಿ ಮಾಸ್ತರರು. ಆಚೆ ನನ್ನ ಮಾವ ಫಕೀರಪ್ಪನವರಿಗೆ ಯಾರೋ ಹೊರಸು ತಂದು ಹಾಕಿದ್ದರು. ಸಂಕವ್ವ ಸೇತುವೆಯ ನಟ್ಟನಡುವೆ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ನಾನು ಕೆಟಲು ಹಿಡಿದುಕೊಂಡು, ಒಂದು ಕಾಲನ್ನು ಸೇತುವೆಯ ಮೊದಲ ಕಲ್ಲಿನ ಮೇಲಿಟ್ಟು ನಿಂತಿದ್ದೆ. ಆಚೆ ಜಗುಲಿಯ ಮೇಲೆ ಶಾವಂತ್ರಿ ಕಂಡಳು, ತೊಡೆಯ ಮೇಲೆ ಆ ಬಿಳಿ ಗಂಟು.

ಮಾಸ್ತರರು ಎದ್ದು ಎರಡು ದಂಡೆಗೂ ಕೇಳುವಂತೆ ಕೂಗಿದರು. "ಸೇತುವಿ ದಾಟೂದು ಯಾಕ ಬಿಟ್ಟಿರಿ ಅಂತ ಒಬ್ಬೊಬ್ಬರ ಹೇಳ್ರಿ. ಮೊದಲ ದೊಡ್ಡೋಣಿ."

ರುದ್ರಗೌಡರು ಎದ್ದರು. ಎದೆ ಉಬ್ಬಿಸಿದರು. ಎರಡೂ ದಂಡೆಯ ಕಣ್ಣುಗಳು ತಮ್ಮ ಮೇಲಿವೆ ಎಂದು ಖಾತ್ರಿ ಮಾಡಿಕೊಂಡು ಮೀಸೆಯ ಮೇಲೆ ಕೈ ಆಡಿಸಿದರು. ನಾನು ಮನಸ್ಸಿನಲ್ಲೇ ಕೈಮುಗಿದೆ. ಹೇಳಿ ಗೌಡರೇ, ಒಂದೇ ಮಾತು.

"ದೊಡ್ಡೋಣಿ ಅಂದರ ಶಿಸ್ತಿನ ಓಣಿ," ಎಂದರು ಗೌಡರು. "ನಾವು ಯಾವುದಕ್ಕೂ ಅಂಜಿದ ಮಂದಿ ಅಲ್ಲ. ದಾಟಬಾರದು ಅಂತ ಅನಿಸ್ತು, ಅದಕ್ಕ ದಾಟಲಿಲ್ಲ!"

ಮೊದಲ ಕಲ್ಲಿನ ಮೇಲಿದ್ದ ನನ್ನ ಕಾಲನ್ನು ಯಾರೋ ಎತ್ತಿ ಒಗೆದಂತಾಯಿತು. ನಾನು ಹಿಂದಕ್ಕೆ ಬಿದ್ದೆ, ಕೆಟಲಿನ ಚಹಾವೆಲ್ಲ ನನ್ನ ಅಂಗಿಯ ಮೇಲೆ. ಹಿಡಿತ ನನ್ನ ಹೊಸ್ತಿಲಿಗೇ ಬಂದಿತ್ತು. ಆಚೆ ದಂಡೆಯಲ್ಲಿ ಗೌಡರ ಮಾತು ಕೇಳಿ ನನ್ನ ಮಾವನ ಮುಖ ಕೆಂಪೇರಿತು. ದೊಡ್ಡೋಣಿ ಶಿಸ್ತಿನ ಓಣಿಯಾದರೆ ಆಚೆ ಓಣಿ ಕಡಿಮೆಯೇ? ಅವರೂ ಎದ್ದು ಪಂಚೆ ಕೊಡವಿದರು. "ಆಚೆ ಓಣಿನೂ ಅಷ್ಟ! ಎಲ್ಲಾರಗಿಂತ ಮೊದಲ ಬಿಟ್ಟಾವರು ನಾವು. ದಾಟಬಾರದು ಅಂತನ ಬಿಟ್ಟಿವಿ!" ಆಚೆ ಸೇತುವೆಯ ಬುಡದಲ್ಲಿ ನಿಂತಿದ್ದವರೆಲ್ಲ ಒಟ್ಟಿಗೇ ಹಿಂದಕ್ಕೆ ಸರಿದರು. ಉಳಿದದ್ದು ಮಾಸ್ತರರ ಮಾತೊಂದು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ರೂಢಿಯ ಮರ್ಮ ಬಲ್ಲ ಮನುಷ್ಯ, ಎರಡು ಓಣಿಗಳು ಇಷ್ಟು ಘನವಾಗಿ ಮಾತಾಡಿದ ಮೇಲೆ ತಾನೊಬ್ಬನೇ ಹೇಗೆ ಅಂಜುಬುರುಕನಾಗುವುದು ಎಂಬ ಸಂಕಟ ಅವರ ಮುಖದಲ್ಲಿ ನನಗೆ ಸ್ಪಷ್ಟವಾಗಿ ಕಂಡಿತು. ನಾನು ಮಣ್ಣಿನಲ್ಲಿ ಕೂತಲ್ಲೇ ಕೂತಿದ್ದೆ.

ಆಗ ಶಾವಂತ್ರಿ ಜಗುಲಿ ಇಳಿದು ಬಂದಳು. ಬಾಣಂತಿ, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದಳು. ದಿನಾ ಹಳ್ಳ ದಾಟಿಸಿ ಕೂಗಿ ಕೂಗಿ ಅವಳ ದನಿ ಬಲಿತಿತ್ತು.

"ಯಪ್ಪಾ," ಎಂದಳು, "ಬ್ಯಾಸಗ್ಯಾಗ ಪ್ಯಾರಲ ಬುಟ್ಟಿ ಒಗದು ಹುಲ್ಲಿನ ಬಣವಿಯೊಳಗ ಹೊಕ್ಕಂಡಾವರು ಯಾರು?"

ಆಚೆ ದಂಡೆಯಲ್ಲಿ ಯಾರೋ ಕಿಸಕ್ಕೆಂದರು. ಮಾವ ಗದರಿದರು. "ಸಭಾ ನಡದೈತಿ, ಒಳಗ ನಡಿ ನೀ."

"ನಡೀತೀನಿ. ನಾಳೆ ತೊಟ್ಟಲಾ ಐತಿ, ಮೊದಲ ಅಜ್ಜನ ಉಡ್ಯಾಗ ಕೂಸು ಹಾಕೂದಲ್ಲ? ಖರೆ ಹೇಳದಾವರ ಉಡ್ಯಾಗ ನಾ ನನ್ನ ಮಗಳನ್ನ ಹಾಕಂಗಿಲ್ಲ. ಈಕಿ ಅಪ್ಪ ಅಲ್ಲಿ ಮಣ್ಣಾಗ ಕುಂತಾನ ನೋಡು. ಈಕಿ ಮಾರಿ ಇನ್ನೂ ನೋಡಿಲ್ಲ ಅಂವ. ನೀ ಅಂಜಿದ್ದು ಮುಚ್ಚಾಕ ಈಕಿಗೆ ಅಪ್ಪನ ಇಲ್ಲದಂಗ ಮಾಡ್ತೀಯೇನು?"

ಮಾವ ಒಮ್ಮೆ ಗಂಟಿನ ಕಡೆ ನೋಡಿದರು, ಒಮ್ಮೆ ಹಳ್ಳದ ಈಚೆ ನನ್ನ ಕಡೆ. ಹುಟ್ಟಿದ ದಿನದಿಂದ ಆ ಕೂಸನ್ನು ಎತ್ತಿಕೊಂಡು ತಿರುಗಿದ ಮನುಷ್ಯ ಅವರು. ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಮಾಸ್ತರ, ಆಡಿದ ಮಾತು ತಿದ್ದಾಕ ಬರ್ತೈತೇನು?"

"ನಂದೂ ಸಂಕವ್ವಂದೂ ಪಾಳೆ ಇನ್ನೂ ಬಾಕಿ ಐತಿ," ಎಂದು ಮಾಸ್ತರರು ಜೀವ ಬಂದವರಂತೆ ಕೂಗಿದರು. "ಅಂದಮ್ಯಾಲೆ ಸಭಾ ಮುಗದಿಲ್ಲ. ತಿದ್ರಿ!"

"ನಾ ಅಂಜಿದ್ದೆ," ಎಂದರು ಮಾವ. "ಒಂದ್ ಹುಳ ಕಿವಿ ಹತ್ರ ಬಂತು. ಬುಟ್ಟಿ ಒಗದು ಬಣವಿಯೊಳಗ ಹೊಕ್ಕೆ. ಹೊತ್ತು ಮುಣುಗೂತನಕ ಹೊರಗ ಬರಲಿಲ್ಲ. ಹುಲ್ಲು ಹಾಕಾಕ ಬಂದ ನನ್ನ ಹೇಂತಿ, ಬಣವಿಯೊಳಗಿಂದ ಕಾಲು ಕಂಡು ಹೆಣ ಅಂತ ಒದರಿದ್ಲು."

ಎರಡೂ ದಂಡೆಗಳು ಒಟ್ಟಿಗೆ ನಕ್ಕವು. ಜೇನು ಬಂದ ಮೇಲೆ ಎರಡು ದಂಡೆ ಕೂಡಿ ನಕ್ಕದ್ದು ಅದೇ ಮೊದಲು. ಆ ನಗು ಮಾಸ್ತರರಿಗೆ ಧೈರ್ಯ ಕೊಟ್ಟಿತು. "ನಂದೂ ಕೇಳ್ರಿ," ಎಂದರು. "ಮಗ್ಗದ ಕುಣಿಯೊಳಗ ಕುಂತು ನನ್ನ ಹೇಂತಿ ಸೀರಿ ತಲಿ ತುಂಬ ಹೊಚ್ಚಿಕೊಂಡಿದ್ದೆ. ಗುಂಯ್ ಅಂತಿತ್ತು, ಜೇನು ಮನಿಯೊಳಗ ಬಂದೈತಿ ಅಂತ. ಕಡೀಕ ನೋಡಿದರ ಒಂದ್ ನೊಣ." ಮಂದಿ ಬಿದ್ದು ಬಿದ್ದು ನಕ್ಕರು. ನೇಕಾರ ಓಣಿಯ ಹುಡುಗಿಯರು ಮಾಸ್ತರರ ಹೆಸರು ಹಿಡಿದು ಚಪ್ಪಾಳೆ ತಟ್ಟಿದರು. ಮಾಸ್ತರ ಅಂದರ ಮಾಸ್ತರ, ಅಂಜಿದರ ಹಿಂಗ ಅಂಜಬೇಕು ಎಂದು ಯಾರೋ ಕೂಗಿದರು.

ನಾನು ರುದ್ರಗೌಡರ ಮುಖವನ್ನೇ ನೋಡುತ್ತಿದ್ದೆ. ಮೊದಲು ಅವರು ಆಕಾಶ ನೋಡಿದರು. ಆಮೇಲೆ ಚಪ್ಪಾಳೆ ತಟ್ಟುವವರನ್ನು ನೋಡಿದರು. ಊರಿನ ಯಾವ ಸಭೆಯಲ್ಲೂ, ಯಾವ ಪಂಕ್ತಿಯಲ್ಲೂ ದೊಡ್ಡೋಣಿ ಎರಡನೆಯದಾದದ್ದಿಲ್ಲ. ಈಗ ಎಲ್ಲರ ಬಾಯಲ್ಲೂ ಮಾಸ್ತರರ ನೊಣ, ಫಕೀರಪ್ಪನವರ ಬಣವಿ. ಗೌಡರ ಮೀಸೆ ಅದುರತೊಡಗಿತು. ತಡೆದುಕೊಂಡರು, ತಡೆದುಕೊಂಡರು, ಕೊನೆಗೆ ಕೋಲು ಕುಟ್ಟಿ ಬೆಂಚಿನ ಮೇಲೆಯೇ ಹತ್ತಿ ನಿಂತರು.

"ಇದನ್ನ ಅಂಜಿಕಿ ಅಂತೀರೇನು?" ಎಂದು ಗುಡುಗಿದರು. "ಒಬ್ಬಗ ಒಂದ್ ಹುಳ, ಇನ್ನೊಬ್ಬಗ ಒಂದ್ ನೊಣ! ನನ್ನ ಬೆನ್ನ ಹತ್ತಿದ್ದು ಇಡೀ ಹುಟ್ಟು! ರುಮಾಲು ಹೋತು, ಕೋಲು ಹೋತು, ಕೆರವು ಹೋತು. ದನ ನೀರು ಕುಡಿಯೋ ಬಾನಿಯೊಳಗ ಜಿಗಿದು ಮೂಗಷ್ಟ ಮ್ಯಾಲೆ ಇಟಗೊಂಡು ಕುಂತೆ. ಆ ಮೂಗಿಗೇ ಕಡೀತು! ಮಾರಿ ಕುಂಬಳಕಾಯಿ ಆಗಿತ್ತು. ಜ್ವರ ಅಂತ ಸುಳ್ಳ ಹೇಳಿಸಿ ಬಾಗಲಾ ಹಾಕ್ಕೊಂಡು ಕುಂತಿದ್ದೆ. ಈಗೂ ನನ್ನ ಹೇಂತಿ ಗೊರಕಿ ಹೊಡದರ ಜೇನು ಬಂತು ಅಂತ ಹೊರಸಿನ ಕೆಳಗ ಹೋಗ್ತೀನಿ. ನನ್ನಷ್ಟು ಅಂಜಿದ ಗಂಡಸು ನಾಲ್ಕೂ ಓಣಿಯೊಳಗ ಇದ್ದರ ಮುಂದ ಬರ್ರಿ ನೋಡೂಣು!"

ಯಾರೂ ಮುಂದೆ ಬರಲಿಲ್ಲ. ಗೌಡರೇ ಗೆದ್ದರು. ದೊಡ್ಡೋಣಿಯ ಮಂದಿ ಸಿಳ್ಳೆ ಹೊಡೆದರು, ಆಚೆಯವರು ಮಾವನನ್ನೂ ಮರೆತು ರುದ್ರಗೌಡರಿಗೆ ಜೈ ಎಂದರು. ಗೌಡರು ಬೆಂಚಿನ ಮೇಲೆ ನಿಂತು ಎಲ್ಲ ಕಡೆಗೂ ಕೈಮುಗಿದರು. ಸಂಕವ್ವ ಸೇತುವೆಯ ನಡುವಿನಿಂದ ಎಲೆಯ ರಸ ಉಗುಳಿ, "ನಾ ಅಂಜಿಲ್ಲ, ಇದಕ್ಕೂ ನಾ ಒಪ್ಪಂಗಿಲ್ಲ," ಎಂದಳು. ಆ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಆಮೇಲೆ ನಗು ನಿಧಾನವಾಗಿ ಇಳಿಯಿತು. ಎಲ್ಲರೂ ಸೇತುವೆಯ ಕಡೆ ನೋಡಿದರು. ಬಾಯಿಮಾತು ಆಯಿತು, ಹಿಡಿತ ಬಿಟ್ಟಿದೆಯೋ ಇಲ್ಲವೋ ನೋಡುವವರು ಯಾರು? ಗೌಡರು ಮಾಸ್ತರರ ಮುಖ ನೋಡಿದರು, ಮಾಸ್ತರರು ಗೌಡರ ಮುಖ ನೋಡಿದರು. ನಾನು ಎದ್ದು ಬೆನ್ನಿನ ಮಣ್ಣು ಕೊಡವಿಕೊಂಡೆ. ಕೆಟಲನ್ನು ಬೆಂಚಿನ ಮೇಲಿಟ್ಟು ಮೊದಲ ಕಲ್ಲಿನ ಮೇಲೆ ಕಾಲಿಟ್ಟೆ. ಕಾಲು ತಡೆಯಿಲ್ಲದೆ ಊರಿತು. ಎರಡನೆಯದಕ್ಕೆ ಇಟ್ಟೆ, ಅಲ್ಲೂ ಊರಿತು. ನಡುವಿಗೆ ಬಂದಾಗ ಸಂಕವ್ವ ತನ್ನ ಚಾಚಿದ ಕಾಲನ್ನು ಮಡಿಸಿಕೊಂಡು ದಾರಿ ಬಿಟ್ಟಳು. ಅಲ್ಲಿಗೆ ಬಂದದ್ದೇ ನನ್ನ ಕಾಲುಗಳು ಹಿಂದಿನಂತೆಯೇ ಭಾರವಾದವು, ಮುಂದಕ್ಕೆ ಹೋಗಲು ಆಗಲಿಲ್ಲ. ಮುಗಿಯಿತು, ಎಲ್ಲ ಮುಗಿಯಿತು ಎಂದುಕೊಂಡು ಕೆಳಗೆ ನೋಡಿದರೆ ಮೊಣಕಾಲುಗಳು ಗಡಗಡ ನಡುಗುತ್ತಿದ್ದವು. ರೂಢಿ ಹಿಡಿದರೆ ಕಾಲು ಕಲ್ಲಿನಂತೆ ನಿಲ್ಲುತ್ತದೆಯೇ ಹೊರತು ನಡುಗುವುದಿಲ್ಲ. ಇದು ಬರೀ ನನ್ನ ಭಯ. ಬರೀ ಭಯ! ಅಷ್ಟು ಸಂತೋಷ ನನಗೆ ಜನ್ಮದಲ್ಲೇ ಆಗಿರಲಿಲ್ಲ. ನಡುಗುವ ಕಾಲುಗಳಿಂದಲೇ ಓಡಿದೆ.

ಹಿಂದೆ ದೊಡ್ಡೋಣಿಯೂ ನೇಕಾರ ಓಣಿಯೂ ಹೋ ಎಂದು ಸೇತುವೆ ಹತ್ತಿದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ಮಾವ ಏನೋ ಹೇಳಿದರು, ಅತ್ತೆ ಏನೋ ಹೇಳಿದರು. ಶಾವಂತ್ರಿಯ ಮುಂದೆ ಹೋಗಿ ನಿಂತೆ. ಅವಳ ಕಣ್ಣು ತುಂಬಿತ್ತು.

"ಅಂಗಿ ತುಂಬ ಚಾ ಚೆಲ್ಲಿಕೊಂಡೀರಿ," ಎಂದಳು. ಈ ಸಲ ಕೂಗಲಿಲ್ಲ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು. "ಕೈ ಒರಸಿಕೊಂಡು ಹಿಡೀರಿ."

ಒರೆಸಿಕೊಂಡು ಹಿಡಿದೆ. ಮಗಳು ನಿದ್ದೆಯಲ್ಲಿದ್ದಳು, ಇಷ್ಟು ಗದ್ದಲಕ್ಕೂ ಎದ್ದಿರಲಿಲ್ಲ. ಆಚೆ ದಂಡೆಯಿಂದ ನನಗೆ ಎಲ್ಲವನ್ನೂ ಕೂಗಿ ಹೇಳಿದ್ದರು. ಬಣ್ಣ ಹೇಳಿದ್ದರು, ಮಚ್ಚೆ ಹೇಳಿದ್ದರು, ಯಾರ ಮೂಗು ಬಂದಿದೆ, ಯಾರ ಹಣೆ ಬಂದಿದೆ ಎಂದು ಹೇಳಿದ್ದರು. ಇಷ್ಟು ಬೆಚ್ಚಗಿದ್ದಾಳೆ ಎಂದು ಯಾರೂ ಹೇಳಿರಲಿಲ್ಲ.